ಕೈಸಾಲ ವಾಪಸ್ ಬರದಿದ್ದರೆ: ಈಗಲೇ ದಾವೆಯೋ, ಸಾಲ ಒಪ್ಪಿದ ಪತ್ರವೋ?

ಭಾರತದ 1963ರ ಲಿಮಿಟೇಶನ್ ಕಾಯ್ದೆ ಪ್ರಕಾರ ಕೈಸಾಲದ ದಾವೆಗೆ ಇರುವುದು 3 ವರ್ಷ. ವಾಪಸ್ ಕೊಡುವ ದಿನ ಗೊತ್ತು ಮಾಡಿರದಿದ್ದರೆ ಈ ಲೆಕ್ಕ ಹಣ ಕೊಟ್ಟ ದಿನದಿಂದಲೇ ಶುರು, ವಾಪಸ್ ಕೇಳಿದ ದಿನದಿಂದಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

ಅವಧಿ ಮುಗಿಯುತ್ತಾ ಬಂತು ಅಂದುಕೊಳ್ಳಿ. ದಾವೆ ಹಾಕಿದರೆ ಕಾಲಮಿತಿಯ ಚಿಂತೆ ಅಲ್ಲಿಗೆ ಮುಗಿಯಿತು. ಆದರೆ ಖರ್ಚು, ಓಡಾಟ ಜಾಸ್ತಿ. ಸಂಬಂಧವೂ ಕೆಡಬಹುದು.

ಇನ್ನೊಂದು ದಾರಿ, ಸಾಲ ಬಾಕಿಯಿದೆ ಎಂದು ಅವರಿಂದ ಬರೆಸಿ ಸಹಿ ಹಾಕಿಸಿಕೊಳ್ಳುವುದು. 18ನೇ ಸೆಕ್ಷನ್ ಪ್ರಕಾರ ಸಹಿಯಾದ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಆದರೆ ಹಳೆಯ ಅವಧಿ ಮುಗಿಯುವ ಮೊದಲೇ ಸಹಿ ಬಿದ್ದಿರಬೇಕು. ಒಂದು ದಿನ ತಡವಾದರೂ ಈ ಸೆಕ್ಷನ್ ನೆರವಿಗೆ ಬರುವುದಿಲ್ಲ. ಬಾಯಿಮಾತಿನ ಒಪ್ಪಿಗೆ ಸಾಲದು. ಲಾಯರ್ ನೋಟಿಸ್ ಕಳಿಸಿದರೂ ದಿನಗಳ ಎಣಿಕೆ ನಿಲ್ಲುವುದಿಲ್ಲ, ಸುಮ್ನೆ ಅದನ್ನು ನಂಬಿ ಕೂರಬೇಡಿ. ಅಪೀಲಿಗಾದರೆ ತಡವನ್ನು ಮನ್ನಿಸಿ ಎಂದು ಕೋರ್ಟನ್ನು ಕೇಳಬಹುದು. ದಾವೆಗೆ ಆ ಅವಕಾಶ ಇಲ್ಲ.

ಎದುರಿನವರು ನಂಬಿಕಸ್ಥರು, ಕೈಯಲ್ಲಿ ಇನ್ನೂ ಕೆಲವು ತಿಂಗಳಿವೆ ಎಂದಾದರೆ ಪತ್ರವೇ ವಾಸಿ. ಸಹಿ ಕೇಳಿದಾಗ ನಾಳೆ, ನಾಡಿದ್ದು ಎನ್ನುತ್ತಿದ್ದಾರಾ? ಹಾಗಿದ್ದರೆ ಕಾಯಬೇಡಿ, ದಾವೆ ಹಾಕಿ.