ಎನ್‌ಡಿಎ, ಸಿಡಿಎಸ್, ಅಗ್ನಿವೀರ: ನಿಮಗೆ ಯಾವುದು ಸರಿ?

ಪಿಯುಸಿ ಓದುತ್ತಿದ್ದೀರಿ, ಸೇನೆಗೆ ಹೋಗಬೇಕು ಅಂತೀರಿ. ಮೊದಲು ವಯಸ್ಸು ನೋಡಿ. ಎನ್‌ಡಿಎಗೆ (ಪಿಯುಸಿ ನಂತರ ಅಧಿಕಾರಿ ತರಬೇತಿಗೆ ಸೇರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಮಾತ್ರ. ಅದು ದಾಟಿದರೆ ಬಾಗಿಲು ಮುಚ್ಚಿತು. ಸಿಡಿಎಸ್ ಕೂಡ ಅಧಿಕಾರಿಗಳ ಆಯ್ಕೆಯ ಪರೀಕ್ಷೆಯೇ, ಅದಕ್ಕೆ ಡಿಗ್ರಿ ಬೇಕು, ಹಾಗಾಗಿ ಯೋಚಿಸಲು ಸಮಯ ಸಿಗುತ್ತದೆ. ಅಧಿಕಾರಿಯಾಗಿ ಅಲ್ಲ, ಸೈನಿಕನಾಗಿ ಸೇರುವ ಸೈನ್ಯದ ಅಗ್ನಿವೀರ ಜಿಡಿ (ಜನರಲ್ ಡ್ಯೂಟಿ) ಹುದ್ದೆಗೆ ಎಸ್ಸೆಸ್ಸೆಲ್ಸಿ ಸಾಕು.

ಪರೀಕ್ಷೆಯ ವಿಷಯದಲ್ಲಿ ನಿಜವಾದ ತೊಡಕು ಗಣಿತ. ಎನ್‌ಡಿಎಯಲ್ಲಿ 300 ಅಂಕದ, 120 ಪ್ರಶ್ನೆಗಳ ಪತ್ರಿಕೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ, ಸುಮ್ನೆ ಊಹಿಸಿ ಗುರುತು ಹಾಕಬೇಡಿ. ಗಣಿತ ಕಂಡರೆ ಆಗದವರಿಗೆ ಸಿಡಿಎಸ್‌ನ ಓಟಿಎ (ಅಧಿಕಾರಿಗಳ ತರಬೇತಿ ಅಕಾಡೆಮಿ) ದಾರಿ ಹಗುರ, ಅಲ್ಲಿ ಆ ಪತ್ರಿಕೆಯೇ ಇಲ್ಲ. ಎರಡೂ ಕಡೆ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡ ಮಾಧ್ಯಮದವರು ಇದಕ್ಕೆ ಜಾಸ್ತಿ ಸಮಯ ಇಡಬೇಕು.

ಲಿಖಿತ ಪರೀಕ್ಷೆ ಪಾಸಾದರೂ ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಸಂದರ್ಶನ ಬಾಕಿ. ಮಸುಕಾದ ಚಿತ್ರವೊಂದನ್ನು 30 ಸೆಕೆಂಡು ತೋರಿಸಿ, ನಾಲ್ಕು ನಿಮಿಷದಲ್ಲಿ ಕಥೆ ಬರೆಸಿ, ಗುಂಪಿನಲ್ಲಿ ಚರ್ಚೆ ಮಾಡಿಸುತ್ತಾರೆ. ಕೋಚಿಂಗ್‌ನಲ್ಲಿ ಉರು ಹೊಡೆದ ಕಥೆ ಇಲ್ಲಿ ಬೇಗ ಸಿಕ್ಕಿಬೀಳುತ್ತದೆ. ಅಗ್ನಿವೀರರಿಗೆ ಎಸ್‌ಎಸ್‌ಬಿ ಇಲ್ಲ, ಆದರೆ 1.6 ಕಿ.ಮೀ. ಓಟ ಇದೆ.

ಕೆಲಸದ ಭದ್ರತೆ? ಅಗ್ನಿವೀರರದು ನಾಲ್ಕು ವರ್ಷ, ಆಮೇಲೆ ಗರಿಷ್ಠ 25 ಶೇಕಡಾ ಮಂದಿಗೆ ಮಾತ್ರ ಕಾಯಂ ಅವಕಾಶ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ (ಸೇವೆ ಮುಗಿದಾಗ ಒಟ್ಟಿಗೆ ಸಿಗುವ ಹಣ), ಪಿಂಚಣಿ ಇಲ್ಲ. ಮನೆಗೆ ಈಗಲೇ ಸಂಬಳ ಬೇಕಿದ್ದರೆ ಇದು ತಪ್ಪು ಆಯ್ಕೆಯೇನಲ್ಲ. ಓದು ಮುಂದುವರಿಸಲು ಮನೆಯವರ ಬೆಂಬಲ ಇದ್ದರೆ ಎನ್‌ಡಿಎ ಬರೆಯಿರಿ. ಆಗದಿದ್ದರೆ ಡಿಗ್ರಿ ಮುಗಿಸಿ ಸಿಡಿಎಸ್ ಬರೆಯಬಹುದು.