ಮೂರು ಫ್ರಾಕ್ಟಲ್ ತಂತ್ರಾಂಶ, ಕಳೆದುಹೋದ ಒಂದು ನೀಲಿ ಸುರುಳಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮನಸ್ಸು ಕೇಯಾಸ್ ಕಡೆಗೆ ವಾಲಿದೆ. ಬರೆಯುವಾಗ ಎಕ್ಸ್, ಎ, ಒ, ಎಸ್ ಎಂದು ಬರೆಯುತ್ತಾರೆ, ಓದುವುದು ಮಾತ್ರ ಕೇಯಾಸ್ ಎಂದೇ. 1996ರಿಂದ ಇರುವ ಉಚಿತ ಫ್ರಾಕ್ಟಲ್ ತಂತ್ರಾಂಶ. ಫ್ರಾಕ್ಟಲ್ ಎಂದರೆ ಗಣಿತದ ಸೂತ್ರದಿಂದ ಹುಟ್ಟುವ, ಹಿಗ್ಗಿಸಿದಷ್ಟೂ ಒಳಗೆ ಹೊಸ ವಿವರ ಕಾಣುತ್ತಲೇ ಹೋಗುವ ಚಿತ್ರ. ಅದರ ಎದುರು ನಾನು ಬಳಸಿ ನೋಡಿದ್ದು ಎರಡು: 749 ರೂಪಾಯಿ ಕೊಟ್ಟು ಕೊಂಡ ಮೊಬೈಲ್ ಆಪ್ ಒಂದು (ಹೆಸರು ಬೇಡ), ಮೂರು ಆಯಾಮದ ಫ್ರಾಕ್ಟಲ್ ಬಿಡಿಸುವ ಮ್ಯಾಂಡಲ್‌ಬಲ್ಬರ್ ಇನ್ನೊಂದು. ನನ್ನ ಅಭ್ಯಾಸ ಬೆಳಿಗ್ಗೆ ಕಾಫಿ ಆರುವುದರೊಳಗೆ ದಿನಕ್ಕೊಂದು ಚಿತ್ರ ಮಾಡಿ ಮನೆಯವರ ಗುಂಪಿಗೆ ಹಾಕುವುದು. ಅಷ್ಟಕ್ಕೇ ಈ ಹೋಲಿಕೆ.

ಆಪ್ ಚೆನ್ನಾಗಿಯೇ ಇತ್ತು. ಎರಡು ಬೆರಳಿನಿಂದ ಹಿಗ್ಗಿಸುವುದು, ಬಣ್ಣವನ್ನು ಕೂದಲೆಳೆಯಷ್ಟು ಆಚೀಚೆ ಸರಿಸುವುದು ಎಲ್ಲವೂ ಬಸ್ಸಿನಲ್ಲಿ ನಿಂತುಕೊಂಡೇ ಆಗುತ್ತಿತ್ತು. ನಾಲ್ಕು ತಿಂಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಾದವು. ಆಗ ಅಕ್ಕನ ಗೃಹಪ್ರವೇಶ ಬಂತು. "ಆ ನೀಲಿ ಸುರುಳಿ ಇದೆಯಲ್ಲ, ಅದನ್ನು ದೊಡ್ಡದಾಗಿ ಮಾಡಿಸಿ ಕೊಡು, ಹಾಲ್‌ನಲ್ಲಿ ಹಾಕುತ್ತೇನೆ" ಎಂದಳು. ಪ್ರಿಂಟ್ ಅಂಗಡಿಯವರು ಫೈಲ್ ತೆರೆದು ಚಿತ್ರವನ್ನು ಒಮ್ಮೆ ಹಿಗ್ಗಿಸಿ ನೋಡಿದರು. "ಸಾರ್, ಒಡೆಯುತ್ತದೆ." ಅಗಲ 1080 ಚುಕ್ಕೆ. ಅದನ್ನು 24 ಇಂಚಿಗೆ ಎಳೆದರೆ ಇಂಚಿಗೆ 45 ಚುಕ್ಕೆ, ಸುರುಳಿಯ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು.

ದೊಡ್ಡದಾಗಿ ಮತ್ತೆ ಬಿಡಿಸಿದರಾಯಿತು ಎಂದುಕೊಂಡೆ. ಮ್ಯಾಂಡಲ್‌ಬ್ರಾಟ್ ಎಂಬ ಹೆಸರಾಂತ ಫ್ರಾಕ್ಟಲ್‌ನ ಚಿತ್ರವೆಂದರೆ (ನಾನು ಬಿಡಿಸುತ್ತಿದ್ದುದು ಅದನ್ನೇ) ನಿಜಕ್ಕೂ ಕೆಲವೇ ಅಂಕಿಗಳು: ಕೇಂದ್ರಬಿಂದುವಿಗೆ ಎರಡು, ಕಿಟಕಿಯ ಅಗಲ, ಸೂತ್ರವನ್ನು ಎಷ್ಟು ಸಲ ತಿರುಗಿಸಬೇಕು ಎಂಬ ಎಣಿಕೆ, ಬಣ್ಣದ ಪಟ್ಟಿ. ಅವಿದ್ದರೆ ಯಾವ ಅಳತೆಗಾದರೂ ಹೊಸದಾಗಿ ಲೆಕ್ಕ ಹಾಕಿಸಬಹುದು. ಆಪ್‌ನ ಮೆನುಗಳನ್ನೆಲ್ಲ ಜಾಲಾಡಿದೆ. ಅದು ಚಿತ್ರವನ್ನಷ್ಟೇ ಉಳಿಸಿತ್ತು, ಅಂಕಿಗಳನ್ನಲ್ಲ. ಕೈಯಲ್ಲಿ ಮನೆಯ ಫೋಟೊ ಇದೆ, ವಿಳಾಸವಿಲ್ಲ.

ಹುಡುಕಿದೆ. ಸುರುಳಿಯ ಬಾಲ ನೋಡಿದರೆ ಆ ಫ್ರಾಕ್ಟಲ್‌ನಲ್ಲಿ 'ಕಡಲಕುದುರೆ ಕಣಿವೆ' ಎಂದು ಕರೆಯುವ ಜಾಗದ್ದೇ ಇರಬೇಕು. ಅಡ್ಡಕ್ಕೆ ಮೈನಸ್ 0.75, ಉದ್ದಕ್ಕೆ 0.1ರ ಆಸುಪಾಸು. ಮೂರು ಸಂಜೆ ಅಲ್ಲೇ ಅಲೆದೆ. ಹತ್ತು ಲಕ್ಷ ಪಟ್ಟು ಹಿಗ್ಗಿಸಿದ ಚಿತ್ರವಾದರೆ ಮೂಲ ಚಿತ್ರದೊಳಗೆ ಅಂಥ ಕಿಟಕಿಗಳು ಒಂದು ಲಕ್ಷ ಕೋಟಿ! ಸಿಕ್ಕ ಸುರುಳಿಗಳೆಲ್ಲ ಅದರ ದಾಯಾದಿಗಳು, ಅದು ಮಾತ್ರ ಸಿಗಲಿಲ್ಲ.

ಕೇಯಾಸ್ ಗೆದ್ದದ್ದು ಇಲ್ಲೇ. ಉಳಿಸಿದ ಜಾಗ ಒಂದು ಪುಟ್ಟ ಪಠ್ಯ ಫೈಲ್ ಆಗಿರುತ್ತದೆ, ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅಂಕಿಗಳು ಕಾಣುತ್ತವೆ. ಸಹೋದ್ಯೋಗಿಯೊಬ್ಬರಿಗೆ ಚಿತ್ರದ ಬದಲು ಆ ಫೈಲನ್ನೇ ಕಳುಹಿಸಿದೆ. ನಾನು ನಿಲ್ಲಿಸಿದ ಕಡೆಯಿಂದ ಅವರು ಒಳಗೆ ಹೋಗಿ, ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು ಜಾಗ ಹಿಂದಕ್ಕೆ ಕಳುಹಿಸಿದರು. ಹಂಚಿಕೊಳ್ಳುವುದೆಂದರೆ ನನಗೆ ಇದು. ಮೌಸ್ ಒತ್ತಿ ಹಿಡಿದರೆ ಚಿತ್ರ ತಡೆಯಿಲ್ಲದೆ ಒಳಕ್ಕೆ ಸರಿಯುತ್ತದೆ. ಹಿಂದಿನ ಚೌಕಟ್ಟಿನಲ್ಲಿ ಲೆಕ್ಕ ಹಾಕಿದ್ದನ್ನು ಮತ್ತೆ ಬಳಸಿಕೊಳ್ಳುವುದರಿಂದ ನನ್ನ ಹಳೆಯ ಲ್ಯಾಪ್‌ಟಾಪ್‌ಗೂ ಭಾರವಾಗುವುದಿಲ್ಲ. ಬಣ್ಣದ ವಿಷಯದಲ್ಲಿ ಮಾತ್ರ ಆಪ್‌ನ ನಾಜೂಕು ನನಗಿಲ್ಲಿ ಒಲಿದಿಲ್ಲ. ಪಿ ಕೀಲಿ ಒತ್ತುತ್ತಾ ಹೋಗುತ್ತೇನೆ, ಅದೃಷ್ಟವಿದ್ದಂತೆ ಬಣ್ಣ. ತೀರಾ ಆಳಕ್ಕಿಳಿದರೆ ಚಿತ್ರ ಚೌಕ ಚೌಕವಾಗುತ್ತದೆ, ಆದರೆ ಕಾಫಿ ಆರುವುದರೊಳಗೆ ಅಷ್ಟು ದೂರ ಹೋಗುವವರು ಯಾರು?

ಮ್ಯಾಂಡಲ್‌ಬಲ್ಬರ್ ಕೂಡ ಉಚಿತ, ಅದೂ ಅಂಕಿಗಳನ್ನು ಉಳಿಸುತ್ತದೆ. ಚಿತ್ರಗಳು ಗುಹೆ, ಹವಳ, ಗೋಪುರಗಳಂತೆ ಬೆರಗು ಹುಟ್ಟಿಸುತ್ತವೆ. ಆದರೆ ಬೆಳಕು, ನೆರಳು ಎಲ್ಲ ಸೇರಿಸಿದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಯಂತ್ರಕ್ಕೆ ಒಂದು ಚಿತ್ರ ಅಂದರೆ ಒಂದು ರಾತ್ರಿ. ಭಾನುವಾರಕ್ಕೆ ಸರಿ.

ಯಾವುದರಲ್ಲಿ ಮಾಡಿದರೂ ಮೆಸೇಜ್ ಗುಂಪಿಗೆ ಹಾಕುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಿ. ಫೋಟೊ ಆಗಿ ಕಳುಹಿಸಿದರೆ ಗಾತ್ರ ಕುಗ್ಗಿಸುವ ಭರದಲ್ಲಿ ಮೊದಲು ಹೋಗುವುದೇ ಸಣ್ಣ ಎಳೆಗಳು.

ಕೊಂಡ ಆಪ್ ಫೋನಿನಲ್ಲೇ ಇದೆ, ಬಸ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ತೆರೆಯುತ್ತೇನೆ. ಅಕ್ಕನ ಹಾಲ್‌ನಲ್ಲಿ ಈಗ ಬೇರೊಂದು ಸುರುಳಿ ತೂಗುತ್ತಿದೆ. ಬಂದವರೆಲ್ಲ ನವಿಲುಗರಿ ಚೆನ್ನಾಗಿದೆ ಎನ್ನುತ್ತಾರಂತೆ. ಅವಳು ಮಾತ್ರ ನಾನು ಹೋದಾಗಲೆಲ್ಲ ಅದರತ್ತ ನೋಡಿ, "ಆ ಇನ್ನೊಂದು ಸಿಕ್ಕಿತೇ?" ಎಂದು ಕೇಳುತ್ತಾಳೆ.