ಬೆಲ್ಲೋಸ್‌ನಲ್ಲಿ ತೂತು ಸಿಕ್ಕಿತು ಎಂದು ನಂಬಿದ್ದೆ, ಆರು ಶೀಟ್ ಹಾಳಾದವು

ಹಳೆಯ 4x5 ಕ್ಯಾಮೆರಾ (4x5 ಇಂಚಿನ ಬಿಡಿ ಫಿಲ್ಮ್ ಶೀಟ್ ಹಾಕುವಂಥದ್ದು) ಕೊಂಡವರು, ಕೊಳ್ಳಬೇಕು ಅಂದುಕೊಂಡವರು ದಯವಿಟ್ಟು ಇದನ್ನು ಓದಿ. ನನಗೆ ಆದದ್ದು ನಿಮಗೆ ಆಗಬಾರದು.

ಗೆಳೆಯನ ಮನೆಯಲ್ಲಿ ನಾಲ್ಕು ತಲೆಮಾರಿನವರು ಒಟ್ಟಿಗೆ ಸೇರಿದ್ದರು. ಮುತ್ತಜ್ಜಿಯಿಂದ ಹಿಡಿದು ಎರಡು ವರ್ಷದ ಮಗುವಿನ ತನಕ 17 ಜನ. ಎಲ್ಲರ ಫೋಟೊ ತೆಗೆದುಕೊಡುತ್ತೇನೆ ಎಂದು ನಾನೇ ಮುಂದೆ ಬಂದು ಹೇಳಿದ್ದೆ. ಶೀಟನ್ನು ಬೆಳಕು ತಾಗದಂತೆ ಇಡುವ ಚಪ್ಪಟೆ ಹೋಲ್ಡರ್ ಐದು, ಎರಡೂ ಬದಿಗೆ ಒಂದೊಂದರಂತೆ ಹತ್ತು ಶೀಟ್. ಎಫ್/22, ಕಾಲು ಸೆಕೆಂಡ್. ಜನ ನೆರಳಿನಲ್ಲಿ, ಕ್ಯಾಮೆರಾ ಬಿಸಿಲಿನಲ್ಲಿ.

ಡೆವಲಪ್ ಮಾಡಿ ಬೆಳಕಿಗೆ ಹಿಡಿದಾಗ ಹತ್ತರಲ್ಲಿ ಆರು ಶೀಟ್‌ಗಳ ಒಂದೇ ತುದಿಯಲ್ಲಿ ಹೊಗೆ ಹಬ್ಬಿದ ಹಾಗೆ ಕಪ್ಪು ಕಲೆ. ನೆಗೆಟಿವ್‌ನಲ್ಲಿ ಕಪ್ಪಾದದ್ದು ಪ್ರಿಂಟ್‌ನಲ್ಲಿ ಬಿಳಿ ಅಲ್ವಾ. ಸಾಲಿನ ಬಲತುದಿಯಲ್ಲಿದ್ದ ಮೂವರ ಮುಖವೇ ಇಲ್ಲ. ಗೆಳೆಯನ ಅಕ್ಕನ ಕೈ ಕಾಣುತ್ತದೆ, ಆ ಕೈ ಹಿಡಿದಿದ್ದ ಮಗುವಿನ ಬೆರಳು ಕಾಣುತ್ತದೆ, ಅದರಾಚೆ ಬರೀ ಬಿಳಿ. ಉಳಿದ ನಾಲ್ಕರಲ್ಲಿ ಮಗು ಅಲುಗಾಡಿದೆ, ಇಲ್ಲವೇ ಯಾರೋ ಕಣ್ಣು ಮುಚ್ಚಿದ್ದಾರೆ. ಮಾರನೆಯ ದಿನವೇ ಅರ್ಧ ಜನ ಅವರವರ ಊರಿಗೆ ಹೊರಟುಬಿಟ್ಟಿದ್ದರು. ಅವರನ್ನು ಮತ್ತೆ ಒಟ್ಟಿಗೆ ಕೂರಿಸಲು ಇವತ್ತಿಗೂ ಆಗಿಲ್ಲ.

ಕ್ಯಾಮೆರಾದಲ್ಲಿ ಬೆಳಕು ಸೋರುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಹೆಚ್ಚು ನೋವಾಗುವುದು ಅದಕ್ಕೇ.

ಆ ದಿನಕ್ಕೆ ಎರಡು ವಾರ ಮುಂಚೆ ತೆಗೆದ ಕೆಲವು ಬಯಲಿನ ಚಿತ್ರಗಳಲ್ಲಿ ಬಲಗಡೆ ತೆಳುವಾದ ಮಸುಕು ಕಂಡಿತ್ತು. ಹಳೇ ಕ್ಯಾಮೆರಾ, ಲೆನ್ಸ್‌ಗೂ ಫಿಲ್ಮಿಗೂ ನಡುವೆ ಇರುವ ಮಡಿಕೆ ಮಡಿಕೆಯ ಚೀಲ, ಅಂದರೆ ಬೆಲ್ಲೋಸ್‌ದೇ ತೊಂದರೆ ಇರಬೇಕು ಅಂದುಕೊಂಡೆ. ರಾತ್ರಿ ಕೋಣೆಯನ್ನು ಪೂರ್ತಿ ಕತ್ತಲು ಮಾಡಿ, ಚಿಕ್ಕ ಎಲ್‌ಇಡಿ ಟಾರ್ಚನ್ನು ಬೆಲ್ಲೋಸ್ ಒಳಗಿಟ್ಟು, ಹಿಂದುಗಡೆ ದಪ್ಪ ಬಟ್ಟೆ ಮುಚ್ಚಿದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಎಂದು ಹತ್ತು ನಿಮಿಷ ಸುಮ್ನೆ ಕೂತೆ. ಬಲಬದಿಯ ಮಡಿಕೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ಎರಡು ಚುಕ್ಕಿ ಬೆಳಕು. ಬೆಲ್ಲೋಸನ್ನು ಸ್ವಲ್ಪ ಕುಗ್ಗಿಸಿದರೆ ಒಂದು ಮಾಯ, ಪೂರ್ತಿ ಎಳೆದರೆ ಮತ್ತೆ ಹಾಜರು. ಬಟ್ಟೆಗೆ ಬಳಿಯುವ ಕಪ್ಪು ಬಣ್ಣವನ್ನು ಒಳಗೂ ಹೊರಗೂ ತೆಳುವಾಗಿ ಹಚ್ಚಿದೆ. ಬೆಲ್ಲೋಸ್ ಎಳೆದಿಟ್ಟೇ ಒಣಗಿಸಿದೆ. ಮತ್ತೆ ಟಾರ್ಚ್ ಇಟ್ಟು ನೋಡಿದರೆ ಎಲ್ಲಾ ಕತ್ತಲು. ಸರಿ, ಮುಗಿಯಿತು ಅಂದುಕೊಂಡೆ.

ಒಂದೇ ಒಂದು ಶೀಟ್ ಹಾಕಿ ಪರೀಕ್ಷೆ ಮಾಡಲಿಲ್ಲ. ತೂತು ಇದ್ದದ್ದು ನಿಜ, ಮುಚ್ಚಿದ್ದೂ ನಿಜ. ಆದರೆ ನನ್ನ ಫಿಲ್ಮ್ ಹಾಳು ಮಾಡುತ್ತಿದ್ದದ್ದು ಆ ತೂತು ಅಲ್ಲ. ನಾನು ನೋಡಿದ್ದು ಕೂಡ ತಪ್ಪು ಬದಿಯನ್ನು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಮೆರಾದ ಹಿಂಭಾಗದ ಮಸುಕು ಗಾಜು, ಅಂದರೆ ಗ್ರೌಂಡ್ ಗ್ಲಾಸ್ ಮೇಲೆ ಚಿತ್ರ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಬೀಳುತ್ತದೆ. ಫಿಲ್ಮ್ ಮೇಲೂ ಹಾಗೆಯೇ. ಸೋರಿದ ಬೆಳಕು ಮಾತ್ರ ಎಲ್ಲಿಂದ ಒಳಗೆ ಬಂತೋ ಆ ಕಡೆಯ ಫಿಲ್ಮಿಗೇ ಬೀಳಬಹುದು. ಹಾಗಾಗಿ ಪ್ರಿಂಟ್‌ನ ಬಲತುದಿಯಲ್ಲಿ ಕಲೆ ಇದ್ದರೆ, ಕ್ಯಾಮೆರಾದ ಹಿಂದೆ ನಿಂತ ನಿಮಗೆ ಅದು ಎಡತುದಿ. ಪ್ರಿಂಟ್‌ನ ಕೆಳಗೆ ಕಲೆ ಇದ್ದರೆ ಕ್ಯಾಮೆರಾದ ಮೇಲುಗಡೆ. ನನ್ನ ಕ್ಯಾಮೆರಾದಲ್ಲಿ ಹೋಲ್ಡರ್ ಹಾಕುವುದು ಎಡಗಡೆಯಿಂದ. ಹೋಲ್ಡರಿನಲ್ಲಿ ಫಿಲ್ಮಿಗೆ ಮುಚ್ಚಳದಂತಿರುವ ತೆಳು ಹಲಗೆ, ಅಂದರೆ ಡಾರ್ಕ್ ಸ್ಲೈಡ್ ಎಳೆಯುವುದೂ ಎಡಕ್ಕೇ. ಇಷ್ಟು ಯೋಚಿಸಿದ್ದರೆ ಬಲಬದಿಯ ಮಡಿಕೆಗೆ ಬಣ್ಣ ಹಚ್ಚಿ ನೆಮ್ಮದಿಯಾಗಿ ಕೂರುತ್ತಿರಲಿಲ್ಲ.

ಇನ್ನೂ ಒಂದು ಗುರುತು ಕಣ್ಣೆದುರೇ ಇತ್ತು. ಎಮಲ್ಶನ್ (ಬೆಳಕಿಗೆ ಸ್ಪಂದಿಸುವ ಲೇಪ) ಯಾವ ಕಡೆ ಎಂದು ಕತ್ತಲಲ್ಲಿ ಬೆರಳಿಗೆ ತಿಳಿಯಲಿ ಅಂತ ಶೀಟಿನ ಚಿಕ್ಕ ಅಂಚಿನ ಮೂಲೆಯಲ್ಲಿ ಕಚ್ಚುಗಳಿರುತ್ತವೆ. ವಾಡಿಕೆಯಂತೆ ಲೋಡ್ ಮಾಡಿದರೆ ಅವು ಹೋಲ್ಡರಿನ ಫ್ಲ್ಯಾಪ್ (ಶೀಟ್ ತೂರಿಸಲು ತೆರೆಯುವ ಮಡಚು ಬಾಗಿಲು) ಕಡೆಗೆ ಬರುತ್ತವೆ. ಅಂದರೆ ಕಚ್ಚಿನ ಕಡೆಯಿಂದ ಕಲೆ ಶುರುವಾದರೆ ಫ್ಲ್ಯಾಪ್ ಅಥವಾ ಅದರ ಟೇಪ್ ಮೇಲೆ ಅನುಮಾನ ಪಡಬೇಕು. ಎದುರು ತುದಿಯಿಂದ ಶುರುವಾದರೆ ಡಾರ್ಕ್ ಸ್ಲೈಡ್ ಹೊರಬರುವ ಸೀಳಿನ ಮೇಲೆ. ನನ್ನ ಆರೂ ಶೀಟ್‌ಗಳಲ್ಲಿ ಕಲೆ ಶುರುವಾಗಿದ್ದು ಕಚ್ಚಿಲ್ಲದ ತುದಿಯಿಂದ, ಒಳಗೆ ಬರುತ್ತಾ ಬೀಸಣಿಗೆಯ ಹಾಗೆ ಹರಡಿ ತೆಳುವಾಗಿತ್ತು. ಬೆಲ್ಲೋಸ್ ತೂತಿನ ಕಲೆ ಹೀಗಿರುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಅಂಚಿನ ಹಂಗಿಲ್ಲ, ನಡುವೆ ಎಲ್ಲಾದರೂ ಮಸುಕು ಮಚ್ಚೆಯಾಗಿ ಬೀಳುತ್ತದೆ, ಬೆಲ್ಲೋಸ್ ಎಳೆದ ಉದ್ದ ಬದಲಾದರೆ ಜಾಗವೂ ಬದಲಾಗುತ್ತದೆ. ಹೋಲ್ಡರ್ ಯಾವುದಾದರೂ ಅದು ಬಿಡುವುದಿಲ್ಲ. ನನ್ನದು ಹತ್ತರಲ್ಲಿ ಆರಕ್ಕೆ ಮಾತ್ರ, ಅದೂ ಪ್ರತಿ ಸಲ ಒಂದೇ ಜಾಗದಲ್ಲಿ.

ಅಂಚನ್ನೂ ನೋಡಿ. ಶೀಟಿನ ಉದ್ದದ ಎರಡು ಅಂಚುಗಳು ಹೋಲ್ಡರಿನ ಹಳಿಯ ಕೆಳಗೆ ಅಡಗಿರುತ್ತವೆ. ಸ್ಲೈಡ್ ತೆಗೆದಾಗ ಕ್ಯಾಮೆರಾ ಒಳಗಿನಿಂದ ಬಿದ್ದ ಬೆಳಕು ಅಲ್ಲಿಗೆ ತಲುಪುವುದಿಲ್ಲ. ಆ ಅಂಚುಗಳೂ ಕಪ್ಪಾಗಿದ್ದರೆ ಫಿಲ್ಮ್ ಪೆಟ್ಟಿಗೆ, ಚೇಂಜಿಂಗ್ ಬ್ಯಾಗ್ (ಒಳಗೆ ಕೈ ಹಾಕಿ ಫಿಲ್ಮ್ ಲೋಡ್ ಮಾಡುವ, ಬೆಳಕು ನುಗ್ಗದ ಚೀಲ), ಲೋಡ್ ಮಾಡಿದ ಕೋಣೆ ಇವುಗಳನ್ನು ಮೊದಲು ನೋಡಬೇಕು.

ಆ ಫೋಟೊಗಳು ಹೋದ ಮೇಲೆ ಕೂತು ಸರಿಯಾಗಿ ಪರೀಕ್ಷೆ ಮಾಡಿದೆ. ಫಿಲ್ಮ್ ಬದಲು ಫೋಟೊ ಪೇಪರನ್ನು ಅಳತೆಗೆ ಕತ್ತರಿಸಿ ಹೋಲ್ಡರ್‌ಗೆ ಹಾಕಿದೆ. ಕೆಂಪು ಸೇಫ್‌ಲೈಟ್‌ನಲ್ಲೇ ಡೆವಲಪ್ ಮಾಡಬಹುದು, ಖರ್ಚೂ ಕಡಿಮೆ. ಆದರೆ ಪೇಪರಿಗೆ ಸೂಕ್ಷ್ಮತೆ ಫಿಲ್ಮಿಗಿಂತ ತುಂಬಾ ಕಮ್ಮಿ, ಬಿಸಿಲಿನಲ್ಲಿ ಜಾಸ್ತಿ ಹೊತ್ತು ಇಡಬೇಕು. ಹೋಲ್ಡರ್‌ಗಳಿಗೆ ಮೊದಲು ನಂಬರ್ ಹಾಕಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಚಿಕ್ಕ ಅರದಿಂದ ಫ್ಲ್ಯಾಪಿನ ಅಂಚಿನಲ್ಲಿ ಒಂದು, ಎರಡು, ಮೂರು ಗೀರು ಹಾಕಿದರೆ ಸಾಕು, ತೆಗೆದ ಪ್ರತಿ ಚಿತ್ರದ ಅಂಚಿನಲ್ಲೂ ಅದು ಮೂಡುತ್ತದೆ. ಯಾವ ಹೋಲ್ಡರ್ ಎಂದು ಆಮೇಲೆ ನೆನಪು ಮಾಡಿಕೊಳ್ಳುವ ಕಷ್ಟವಿಲ್ಲ.

ಮೊದಲು ಸ್ಲೈಡ್ ಹಾಕಿರುವಂತೆಯೇ ಹೋಲ್ಡರ್‌ಗಳನ್ನು ಹೊರಗೆ ಬಿಸಿಲಿಗೆ ಹಿಡಿದೆ, ಎಲ್ಲಾ ಬದಿಗೂ ತಿರುಗಿಸಿ. ಎಲ್ಲಾ ಶುಭ್ರ. ಆಮೇಲೆ ಲೆನ್ಸ್‌ಗೆ ಮುಚ್ಚಳ ಹಾಕಿ, ಶಟರ್ ಮುಚ್ಚಿ, ಹೋಲ್ಡರನ್ನು ಕ್ಯಾಮೆರಾಕ್ಕೆ ಹಾಕಿ, ಸ್ಲೈಡ್ ತೆಗೆದು, ಬೆಲ್ಲೋಸ್ ಮತ್ತು ಹಿಂಭಾಗದ ಮೇಲೆ ದಪ್ಪ ಕಪ್ಪು ಬಟ್ಟೆ ಹೊದಿಸಿದೆ. ಆಗಲೂ ಶುಭ್ರ. ಕೊನೆಗೆ ಬೆಲ್ಲೋಸ್ ಮೇಲೆ ಬಟ್ಟೆ ಹಾಗೇ ಬಿಟ್ಟು, ಹೋಲ್ಡರಿನ ಎಡತುದಿಯನ್ನು ಮಾತ್ರ ಬಿಸಿಲಿಗೆ ತೆರೆದಿಟ್ಟೆ. ಐದರಲ್ಲಿ ಮೂರು ಹೋಲ್ಡರ್‌ಗಳಲ್ಲಿ ಅದೇ ಬೀಸಣಿಗೆ ಬಂತು. ಕ್ಯಾಮೆರಾದ ಜೊತೆ ಬಂದಿದ್ದ ಹಳೇ ಮೂರೂ ಅವೇ. ಮೂರು ಹೋಲ್ಡರ್ ಅಂದರೆ ಆರು ಶೀಟ್, ಲೆಕ್ಕ ಸರಿಹೋಯಿತು.

ಸ್ಲೈಡ್ ಹೊರಬರುವ ಸೀಳಿನೊಳಗೆ ಒಂದು ತೆಳು ಸ್ಪ್ರಿಂಗ್ ಪಟ್ಟಿ, ಅದರ ಜೊತೆ ಮಖಮಲ್ ಇರುತ್ತದೆ. ಸ್ಲೈಡ್ ಎಳೆದ ಕ್ಷಣ ಅದು ಉಬ್ಬಿ ಸೀಳನ್ನು ಮುಚ್ಚಬೇಕು. ನನ್ನ ಹೋಲ್ಡರ್‌ಗಳಲ್ಲಿ ಮಖಮಲ್ ತಿಕ್ಕಿ ತಿಕ್ಕಿ ನುಣ್ಣಗೆ ಹೊಳೆಯುತ್ತಿತ್ತು, ನವಿರೇ ಉಳಿದಿರಲಿಲ್ಲ. ಹೋಲ್ಡರನ್ನು ಬಾಗಿಸಿ ಹಿಡಿದರೆ ಸ್ಲೈಡ್ ತಾನಾಗಿಯೇ ಜಾರುತ್ತಿತ್ತು. ಎಷ್ಟು ಸಲೀಸಾಗಿದೆ ಎಂದು ನಾನು ಖುಷಿಪಟ್ಟಿದ್ದೆ. ಆ ಸಲೀಸೇ ರೋಗದ ಲಕ್ಷಣವಾಗಿತ್ತು.

ಬಯಲಿನ ಚಿತ್ರಗಳಲ್ಲಿ ಕಲೆ ತೆಳುವಾಗಿ, ಕುಟುಂಬದ ಚಿತ್ರಗಳಲ್ಲಿ ಅಷ್ಟು ದಟ್ಟವಾಗಿ ಬರಲು ಕಾರಣವೂ ಆಗ ಗೊತ್ತಾಯಿತು. ಬಯಲಿನಲ್ಲಿ ಸ್ಲೈಡ್ ಎಳೆದ ಕೆಲವೇ ಸೆಕೆಂಡಿಗೆ ಕ್ಲಿಕ್ ಮಾಡುತ್ತಿದ್ದೆ. ಆ ದಿನ ಮಗು ಒಂದು ಕಡೆ ಕೂರಲಿ ಎಂದು ಸ್ಲೈಡ್ ಹೊರಗಿಟ್ಟುಕೊಂಡು ಎರಡೆರಡು ನಿಮಿಷ ಕಾದೆ. ಎಡಗಡೆಯಿಂದ ಬಿಸಿಲು ನೇರವಾಗಿ ಆ ಸೀಳಿನ ಮೇಲೇ ಬೀಳುತ್ತಿತ್ತು.

ಈಗ ಎಲ್ಲರೂ ಸಿದ್ಧವಾದ ಮೇಲೆಯೇ ಸ್ಲೈಡಿಗೆ ಕೈ ಹಾಕುತ್ತೇನೆ. ಅದಕ್ಕೂ ಮುಂಚೆ ಹೋಲ್ಡರಿನ ಆ ತುದಿಗೆ ಕಪ್ಪು ಬಟ್ಟೆ ಹೊದಿಸುತ್ತೇನೆ. ಒಂದು ಕೈಯಿಂದ ಕ್ಯಾಮೆರಾದ ಹಿಂಭಾಗ ಒತ್ತಿ ಹಿಡಿದು ಇನ್ನೊಂದು ಕೈಯಿಂದ ನೇರವಾಗಿ ಎಳೆಯುತ್ತೇನೆ. ಓರೆಯಾಗಿ ಎಳೆದರೆ ಹೋಲ್ಡರ್ ಕೂತ ಜಾಗದಿಂದ ಎದ್ದು, ಅಲ್ಲಿಂದಲೂ ಬೆಳಕು ನುಗ್ಗುತ್ತದೆ. ವಾಪಸ್ ಹಾಕುವಾಗ ಎರಡೂ ಮೂಲೆ ಒಟ್ಟಿಗೆ ಒಳಹೋಗಬೇಕು. ಒಂದು ಮೂಲೆ ಮೊದಲು ತೂರಿಸಿದರೆ ಮಖಮಲ್ ಅಲ್ಲಿ ಬಾಯಿ ಬಿಡುತ್ತದೆ, ಒಳ್ಳೇ ಹೋಲ್ಡರ್ ಆದರೂ ಸೋರುತ್ತದೆ.

ಹಳೇ ಹೋಲ್ಡರ್ ಕೊಳ್ಳುವಾಗ ಹೊರಗಿನ ಹೊಳಪು ನೋಡಬೇಡಿ. ಸ್ಲೈಡ್ ಎಳೆದು ನೋಡಿ, ಸ್ವಲ್ಪ ಬಿಗಿ ಇರಬೇಕು. ಕತ್ತಲಲ್ಲಿ ಸೀಳಿಗೆ ಟಾರ್ಚ್ ಹಿಡಿದು ಫಿಲ್ಮ್ ಕೂರುವ ಕಡೆಯಿಂದ ಇಣುಕಿ. ಫ್ಲ್ಯಾಪಿನ ಮಡಿಕೆಯಲ್ಲಿ ಟೇಪ್ ಬಿರುಕು ಬಿಟ್ಟಿದೆಯಾ ಎಂದು ಮಡಚಿ ನೋಡಿ. ಎಲ್ಲಾ ಸರಿ ಇದೆ ಅನ್ನಿಸಿದ ಮೇಲೂ ಪ್ರತಿ ಹೋಲ್ಡರ್‌ಗೂ ಪೇಪರ್ ಹಾಕಿ ಬಿಸಿಲಿಗೆ ಇಡಿ. ಏನೇ ರಿಪೇರಿ ಮಾಡಿದರೂ ಆಮೇಲೆ ಇನ್ನೊಮ್ಮೆ ಇಡಿ.

ನನ್ನ ಮೂರರಲ್ಲಿ ಒಂದಕ್ಕೆ ಹೊಸ ಮಖಮಲ್ ಅಂಟಿಸಿದ್ದೇನೆ. ನಿನ್ನೆ ಬಿಸಿಲಲ್ಲಿ ಐದು ನಿಮಿಷ ಇಟ್ಟ ಪೇಪರ್ ತುದಿಯಿಂದ ತುದಿಗೆ ಬೆಳ್ಳಗೆ ಬಂತು. ಉಳಿದ ಎರಡಕ್ಕೆ ಕೆಂಪು ಟೇಪ್ ಸುತ್ತಿ ಬೇರೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಅಪ್ಪಿತಪ್ಪಿಯೂ ಕೈಗೆ ಬರದ ಹಾಗೆ.